ಅಲಮೇಲು ಎತ್ತಿದ ಭಾರ

ಮೂವತ್ತು ವರ್ಷ ದೇವಸ್ಥಾನದ ಬಾಗಿಲಲ್ಲಿ ನಿಂತು ಭಕ್ತರನ್ನು ಹರಸುತ್ತಿದ್ದ ಅಲಮೇಲು ಎಂಬ ಹೆಣ್ಣಾನೆಯನ್ನು ಕಾಡಿನ ಆನೆಬಿಡಾರಕ್ಕೆ ಕಳಿಸಿದರು. ಅಲ್ಲಿನ ಆನೆಗಳು ಮರದ ದಿಮ್ಮಿಗಳನ್ನು ಎತ್ತಿ ಸಾಗಿಸುತ್ತಿದ್ದವು. ತನ್ನ ನಿಶ್ಶಕ್ತಿಗೆ ನಾಚಿದ ಅಲಮೇಲು ಮೊದಲ ದಿನವೇ ಎಲ್ಲಕ್ಕಿಂತ ದೊಡ್ಡ ದಿಮ್ಮಿಗೆ ಸೊಂಡಿಲು ಹಾಕಿ, ಮಂಡಿ ಕುಸಿದು ಬಿದ್ದಳು.

ಬಿಡಾರದ ಹಿರಿಯ ಸಲಗ ಶ್ಯಾಮರಾಯ ಅವಳ ಮುಂದೆ ಒಂದು ಬಿದಿರಿನ ಗಳ ತಂದಿಟ್ಟ.

“ಇದನ್ನು ಮರಿಗಳೂ ಎತ್ತುತ್ತವೆ, ಅಣ್ಣ,” ಎಂದಳು ಅಲಮೇಲು.

“ಅವು ಶುರುಮಾಡಿದಲ್ಲಿಂದಲೇ ನೀನೂ ಶುರುಮಾಡು, ತಂಗಿ. ಒಂದು ದಿನ ಎತ್ತು. ಮರುದಿನ ಹೊಟ್ಟೆತುಂಬ ತಿಂದು ಮಲಗು.”

“ಮಲಗಿದರೆ ಬಲ ಬರುತ್ತದೆಯೇ?”

“ಎತ್ತುವಾಗ ಮೈ ನೋಯುತ್ತದೆ. ಮಲಗಿದಾಗ ಗಟ್ಟಿಯಾಗುತ್ತದೆ.”

ಉಳಿದ ಆನೆಗಳು ನಕ್ಕವು. ಅಲಮೇಲು ಒಂದು ತಿಂಗಳು ಬಿದಿರನ್ನೇ ಎತ್ತಿದಳು. ಆಮೇಲೆ ಎರಡು ಬಿದಿರು, ಮತ್ತೆ ಸಣ್ಣದೊಂದು ತೊಲೆ. ಎರಡು ಮಳೆಗಾಲ ಕಳೆಯುವ ಹೊತ್ತಿಗೆ ಮಧ್ಯಮ ಗಾತ್ರದ ದಿಮ್ಮಿಗಳು ಅವಳ ಪಾಲಿಗೆ ಬಂದವು.

ಒಂದು ಬೆಳಗ್ಗೆ ಹೊಳೆಯ ದಂಡೆ ಕುಸಿದು ಶ್ಯಾಮರಾಯ ಎದೆಮಟ್ಟ ಕೆಸರಿನಲ್ಲಿ ಹೂತುಹೋದ. ಹತ್ತಿರ ಇದ್ದವಳು ಅಲಮೇಲು ಒಬ್ಬಳೇ. ಅವಳು ಗಟ್ಟಿ ನೆಲದಲ್ಲಿ ಕಾಲೂರಿ, ಅವನ ದಂತಗಳ ಅಡಿಗೆ ಸೊಂಡಿಲು ತೂರಿಸಿ, ಉಸಿರು ಬಿಗಿಹಿಡಿದು ಎತ್ತಿದಳು. ಅವನ ಮುಂಗಾಲು ದಂಡೆಗೆ ಸಿಕ್ಕಿತು. ಉಳಿದದ್ದನ್ನು ಅವನೇ ಏರಿದ.

“ಇನ್ನು ನಿನಗೆ ಯಾವ ಭಾರವೂ ಹೆಚ್ಚಲ್ಲ, ತಂಗಿ,” ಎಂದ ಶ್ಯಾಮರಾಯ, ಏದುಸಿರು ಬಿಡುತ್ತ.

“ಹಾಗನ್ನಬೇಡಿ ಅಣ್ಣ, ಕಾಲು ಇನ್ನೂ ನಡುಗುತ್ತಿದೆ. ನಾಳೆ ತಿಂದು ಮಲಗುವ ದಿನ. ನಾಡಿದ್ದು ನೋಡೋಣ,” ಎಂದಳು ಅಲಮೇಲು.