ಫ್ರಿಜ್ಜಿನ ಮುಚ್ಚಳದ ಒಳಗಡೆ

ಕರೆಂಟೇ ಇಲ್ಲದ ಹುಲ್ಲುಗಾವಲಿನಲ್ಲೊಂದು ಕುರಿಹಟ್ಟಿ. ಕುರಿಗಳ ಲಸಿಕೆ ತಣ್ಣಗಿರಲೆಂದು ಪಶು ಆಸ್ಪತ್ರೆಯವರು ಅಲ್ಲಿನ ತಿಪ್ಪಮ್ಮನ ಕೈಗೆ ಪೆಟ್ಟಿಗೆಯಂತೆ ಮೇಲೆ ಮುಚ್ಚಳವಿರುವ ಪುಟ್ಟ ಫ್ರಿಜ್ಜೊಂದನ್ನು ಕೊಟ್ಟಿದ್ದರು. ಗುಡಿಸಲ ಮೇಲೆ ಸೋಲಾರ್ ಪ್ಯಾನೆಲ್, ಒಳಗೆ ಬ್ಯಾಟರಿ.

ಒಂದು ಮಧ್ಯಾಹ್ನ ಪಂಚಾಯ್ತಿ ಅಧ್ಯಕ್ಷ ಓಬಳಪ್ಪ ಬಿಯರ್ ಬಾಟಲಿಗಳ ಚೀಲ ಹಿಡಿದು ಬಂದ. "ಏ ತಿಪ್ಪಮ್ಮ, ಸಂಜೆ ನಮ್ ಪಾರ್ಟಿ ಐತೆ. ಆ ಔಷಧಿ ಆಚೆ ಹಾಕಿ ಇದನ್ನ ಒಳಗಿಡು."

ಲಸಿಕೆ ಬಿಸಿಯಾದರೆ ಹಟ್ಟಿಯ ಕುರಿಯೆಲ್ಲ ಹೋದಂತೆ. ಆದರೂ ತಿಪ್ಪಮ್ಮ ಇಲ್ಲ ಅನ್ನಲಿಲ್ಲ. "ಒಂಚೂರು ಒರೆಸಿ ಬರ್ತೀನಿ ಸ್ವಾಮಿ" ಎಂದು ಒಳಗೆ ಹೋಗಿ ಬಂದಳು. "ಈಗ ನೀವೇ ತೆಗೀರಿ. ನಾನು ಮುಟ್ಟಲ್ಲ."

ಓಬಳಪ್ಪ ಗುಡಿಸಲೊಳಗೆ ಹೋಗಿ ಮುಚ್ಚಳ ಎತ್ತಿದ. ಅದರ ಒಳಮೈ ಮೇಲೆ ಸುಣ್ಣದಲ್ಲಿ ಬರೆದಿತ್ತು: 'ನಾಳೆ ಬಾ'.

ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ ಆ ಸೀಮೆಯವರು ಮನೆ ಬಾಗಿಲ ಮೇಲೆ ಹಾಗೆ ಬರೆಯುವುದುಂಟು.

"ಇದನ್ನ ಹೊರಗಲ್ವೇನೇ ಬರೆಯೋದು?"

"ಹೊರಗಿಂದ ಬರೋದಾದ್ರೆ ಹೊರಗೇ ಬರೀತಿದ್ದೆ ಸ್ವಾಮಿ."

ಅಷ್ಟರಲ್ಲಿ ಫ್ರಿಜ್ ಗುರ್ ಎಂದಿತು. ಬಿಸಿಗಾಳಿ ಒಳನುಗ್ಗಿದರೆ ಮೋಟಾರು ಹಾಗೆ ಗುರುಗುಟ್ಟುತ್ತದೆಂದು ತಿಪ್ಪಮ್ಮನಿಗೆ ಗೊತ್ತಿತ್ತು, ಓಬಳಪ್ಪನಿಗೆ ಗೊತ್ತಿರಲಿಲ್ಲ. ಚೀಲವನ್ನೂ ಒಂದು ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಓಡಿದ.

ತಿಪ್ಪಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುಚ್ಚಳ ಮುಚ್ಚಿದಳು. ಬರೆದದ್ದನ್ನು ಅಳಿಸಲು ಮರೆತಳು.

ಮರುದಿನ ಬೆಳಗ್ಗೆ ಲಸಿಕೆ ತೆಗೆಯಲು ಮುಚ್ಚಳ ಎತ್ತಿದಳು. ಲಸಿಕೆ ತಣ್ಣಗೇ ಇತ್ತು. ಅವಳು ಬರೆದ ಅಕ್ಷರಗಳ ಕೆಳಗೆ, ಕಟ್ಟಿದ್ದ ಮಂಜಿನ ಮೇಲೆ, ಯಾರೋ ಬೆರಳಿನಿಂದ ಗೀಚಿದ್ದರು:

'ಬಂದೆ'.