ಉಪ್ಪಿನ ಗದ್ದೆಯ ಕೋಲು

"ಬೇಸಿಗೆಯಲ್ಲಿ ಪಾಠ ನಿಲ್ಲಿಸಬೇಕೇ, ನಡೆಸಬೇಕೇ?" ಎಂದು ವಾರಿಜಾ ಎಂಬ ಶಿಷ್ಯೆ ಗುರುಗಳನ್ನು ಕೇಳಿದಳು.

ವಾರಿಜಾ ತನ್ನ ಮಗಳನ್ನು ಶಾಲೆಗೆ ಕಳಿಸಿರಲಿಲ್ಲ. ಓದು, ಬರಹ, ಲೆಕ್ಕ ಎಲ್ಲವನ್ನೂ ಮನೆಯಲ್ಲಿ ತಾನೇ ಕಲಿಸುತ್ತಿದ್ದಳು. ಮನೆಯವರಲ್ಲಿ ಇದು ಯಾರಿಗೂ ಹಿಡಿಸಿರಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಅವಳ ಭಾವ ಬರುವವರಿದ್ದರು. ಮಗುವನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತೇನೆ, ತಡವರಿಸಿದರೆ ಪಟ್ಟಣದ ಹಾಸ್ಟೆಲಿಗೆ ಸೇರಿಸುತ್ತೇನೆ ಎಂದು ಹೇಳಿ ಕಳಿಸಿದ್ದರು. ಅವಳ ಗಂಡ ಅಣ್ಣನ ಮಾತಿಗೆ ಎದುರಾಡುವವನಲ್ಲ.

ಊರಿನ ಮಕ್ಕಳಿಗೆಲ್ಲ ರಜೆ ಬಂದಿದೆ, ನನ್ನ ಮಗಳೂ ಪುಸ್ತಕ ಮುಟ್ಟುತ್ತಿಲ್ಲ ಎಂದು ವಾರಿಜಾ ಹೇಳಿಕೊಂಡಳು. ಕೆಲವು ದಿನ ಪಾಠ ಬಿಟ್ಟು ನೋಡಿದ್ದಳಂತೆ. ಸಂಜೆ ಮಗುವನ್ನು ನಿಲ್ಲಿಸಿ ಕೇಳಿದರೆ ಕಲಿತ ಮಗ್ಗಿ ಒಂದೊಂದಾಗಿ ಜಾರಿಹೋಗುತ್ತಿತ್ತು. ಹೆದರಿ ಮತ್ತೆ ಪಾಠ ಹಿಡಿದಳು. ಬೆಳಗಿನದು ಸಾಲದೆಂದು ಮಧ್ಯಾಹ್ನಕ್ಕೂ ಹಬ್ಬಿಸಿದಳು. ಮಗು ಮಾತ್ರ ಕಣ್ಣು ತಪ್ಪಿಸಿ ಬೇವಿನ ಮರದ ಕೆಳಗೆ ಹೋಗಿ ಇರುವೆ ನೋಡುತ್ತ ಕೂರುತ್ತಿತ್ತು. ನಿನ್ನೆ ಅಲ್ಲಿಂದ ಓಡಿಬಂದು, "ಅಮ್ಮಾ, ಈ ಇರುವೆಗಳು ಇದಾವಲ್ಲ..." ಎಂದು ಶುರು ಮಾಡಿತು. ಮೊದಲು ಏಳರ ಮಗ್ಗಿ ಹೇಳು, ಆಮೇಲೆ ನಿನ್ನ ಇರುವೆ ಎಂದು ವಾರಿಜಾ ತಡೆದಳು. ಮಗ್ಗಿ ಅರ್ಧಕ್ಕೆ ನಿಂತಿತು. ಮಗು ಎದ್ದು ಹೋಯಿತು.

"ನಿಲ್ಲಿಸಿದರೆ ಮರೆಯುತ್ತಾಳೆ, ನಡೆಸಿದರೆ ಮುದುಡುತ್ತಾಳೆ. ನಾನೇನು ಮಾಡಲಿ, ಗುರುಗಳೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಘಟ್ಟದ ಮೇಲಿನವನು. ಭತ್ತ ಬಿಟ್ಟು ಬೇರೆ ಬೆಳೆ ತೆಗೆದವನಲ್ಲ. ಹೆಂಡತಿಯ ತವರಿನ ಕಡೆಯಿಂದ ಅವನ ಪಾಲಿಗೆ ಸಮುದ್ರತೀರದ ಒಂದು ಉಪ್ಪಿನ ಗದ್ದೆ ಬಂತು. ಗಂಡ ಹೆಂಡತಿ ಘಟ್ಟ ಇಳಿದು ಅಲ್ಲಿಯೇ ಗುಡಿಸಲು ಕಟ್ಟಿಕೊಂಡರು. ಆ ತೀರದಲ್ಲಿ ಒಂದು ಕಟ್ಟಳೆ ಇತ್ತು. ಮೊದಲ ಮಳೆ ಬೀಳುವುದರೊಳಗೆ ಉಪ್ಪು ಎತ್ತದವನು ಗದ್ದೆಯನ್ನು ಇನ್ನೊಬ್ಬರಿಗೆ ಬಿಟ್ಟು ಹೊರಡಬೇಕು.

ರೈತ ದುಡಿಮೆಗೆ ಹಿಂಜರಿಯುವವನಲ್ಲ. ಎಲ್ಲರಂತೆ ಗದ್ದೆಯ ನೆಲವನ್ನು ಕಾಲಿನಿಂದ ತುಳಿದು ತುಳಿದು ಗಟ್ಟಿ ಮಾಡಿದ. ತೂಬು ತೆಗೆದು ಕಡಲ ನೀರು ಹಾಯಿಸಿದ. ನೀರಿನ ನಡುವೆ ಒಂದು ಕೋಲು ನೆಟ್ಟು, ನೀರು ನಿಂತ ಮಟ್ಟಕ್ಕೆ ಒಂದು ಗೀಟು ಹಾಕಿದ. ಭತ್ತದ ಗದ್ದೆಯಲ್ಲೂ ಹಾಗೆಯೇ ಮಾಡುತ್ತಿದ್ದ.

ಬಿಸಿಲು ಏರಿತು. ಸಂಜೆ ನೋಡಿದರೆ ನೀರು ಗೀಟಿನಿಂದ ಕೆಳಗಿಳಿದಿತ್ತು. ನೀರು ಇಳಿದ ಗದ್ದೆ ಎಂದರೆ ರೈತನ ಪಾಲಿಗೆ ಸಾಯುತ್ತಿರುವ ಗದ್ದೆ. ತೂಬು ತೆಗೆದು ಗೀಟಿನವರೆಗೆ ತುಂಬಿಸಿದ. ಮರುದಿನವೂ ಇಳಿಯಿತು. ಮತ್ತೆ ತುಂಬಿಸಿದ. ಬಿಸಿಲು ಹೆಚ್ಚಿದಷ್ಟೂ ಅವನ ದುಡಿಮೆ ಹೆಚ್ಚಿತು.

ಸುತ್ತಲಿನ ಗದ್ದೆಗಳಲ್ಲಿ ನೀರು ಕುಗ್ಗುತ್ತ ಬಂತು. ಇವರೆಂಥ ಸೋಮಾರಿಗಳು ಎಂದು ರೈತ ಹೆಂಡತಿಯ ಹತ್ತಿರ ಆಡಿಕೊಂಡ. ಆಮೇಲೆ ಆ ಸೋಮಾರಿಗಳ ದಂಡೆಗಳ ಮೇಲೆ ಉಪ್ಪಿನ ರಾಶಿಗಳು ಎದ್ದವು. ಅವನ ಗದ್ದೆಯಲ್ಲಿ ಮಾತ್ರ ನೀರು ತುಂಬಿ ತುಳುಕುತ್ತಿತ್ತು. ಪಡುವಣದಲ್ಲಿ ಮೋಡದ ಅಂಚು ಕಾಣತೊಡಗಿತು. ಹೆಂಡತಿ ಪಾತ್ರೆಗಳನ್ನು ಗಂಟು ಕಟ್ಟತೊಡಗಿದಳು.

ಪಕ್ಕದ ಗದ್ದೆಯ ಮುದುಕಿ ದಂಡೆಯ ಮೇಲೆ ಬಂದು ನಿಂತಳು.

"ಏನು ತಮ್ಮಾ, ಇಲ್ಲಿ ಮೀನು ಸಾಕುತ್ತಿದ್ದೀಯೋ?"

ರೈತ ತಲೆ ಎತ್ತಲಿಲ್ಲ. ನೀರಿನ ಮಟ್ಟ ಇಳಿಯಲು ಬಿಟ್ಟವನಲ್ಲ, ಒಂದು ದಿನವೂ ತಪ್ಪಿಸಿದವನಲ್ಲ, ಆದರೂ ಹೀಗಾಯಿತು ಎಂದ.

"ಅದಕ್ಕೇ ಹೀಗಾಯಿತು. ನೀರು ಹೋಗುತ್ತದೆ, ಹೋಗಲಿ. ನೀನು ಹೋಗಬೇಡ."

ರೈತ ತೂಬು ಮುಚ್ಚಿದ. ಕೈ ಸುಮ್ಮನಿರಲೊಲ್ಲದು. ಆ ಕೈಗೆ ಕೆಲಸವನ್ನೂ ಮುದುಕಿಯೇ ಹೇಳಿಕೊಟ್ಟಳು. ದಿನವೂ ದಂಡೆ ಸುತ್ತಬೇಕು. ಏಡಿ ಕೊರೆದ ತೂತಿಗೆ ಮಣ್ಣು ಮೆತ್ತಬೇಕು. ದನ ಇಳಿಯದಂತೆ ಕಾಯಬೇಕು. ಗಾಳಿ ತಂದು ಹಾಕಿದ ಕಸ ಆರಿಸಬೇಕು. ನೀರನ್ನು ಮಾತ್ರ ಕಲಕಬಾರದು. ರೈತ ಹಾಗೆಯೇ ಮಾಡಿದ. ನೀರು ಬೆರಳು ಬೆರಳಾಗಿ ಇಳಿಯಿತು. ಸಂಜೆಯಾದರೆ ಅವನ ಕೈ ತಾನಾಗಿ ತೂಬಿನ ಹಲಗೆಯ ಮೇಲೆ ಹೋಗುತ್ತಿತ್ತು. ಹಿಂದಕ್ಕೆ ತೆಗೆದುಕೊಳ್ಳುವುದು ಗದ್ದೆ ತುಳಿಯುವುದಕ್ಕಿಂತ ಕಷ್ಟವಾಯಿತು.

ಒಂದು ಮುಂಜಾನೆ ದಂಡೆಗೆ ಬಂದವನು ಅಲ್ಲಿಯೇ ನಿಂತ.

ಗಾಳಿ ಇರಲಿಲ್ಲ. ನೀರಿನ ಮೇಲೆ ಬಿಳಿಯ ಕೆನೆ ಕಟ್ಟಿತ್ತು. ಬಗ್ಗಿ ನೋಡಿದ. ಕೆನೆಯಲ್ಲ, ಹರಳು. ಒಂದೊಂದಕ್ಕೂ ನಾಲ್ಕು ಮೂಲೆ, ಬಡಗಿ ಅಳೆದು ಕೊಯ್ದಂತೆ. ಅವನು ನೋಡುತ್ತಿದ್ದಂತೆಯೇ, ಏನೂ ಇಲ್ಲದಿದ್ದ ಕಡೆ ಇನ್ನೊಂದು ಹರಳು ಮೂಡಿತು. ಬೆಳೆಯಿತು. ತನ್ನ ಭಾರಕ್ಕೆ ತಾನೇ ತಳಕ್ಕೆ ಇಳಿಯಿತು. ಅದರ ಜಾಗದಲ್ಲಿ ಮತ್ತೊಂದು ಮೂಡಿತು. ಬಿತ್ತಿದವರಿಲ್ಲ, ನೆಟ್ಟವರಿಲ್ಲ. ಅವನು ಬೇಸಿಗೆಯುದ್ದಕ್ಕೂ ಹಾಯಿಸಿದ ನೀರಿನಲ್ಲೆಲ್ಲ ಇದು ಇತ್ತು. ಕಾಣಿಸಿಕೊಳ್ಳಲು ಅವನೇ ಬಿಟ್ಟಿರಲಿಲ್ಲ.

ರೈತ ಚಪ್ಪಲಿ ಕಳಚಿದ. ತಲೆಗೆ ಸುತ್ತಿದ ಬಟ್ಟೆ ಬಿಚ್ಚಿದ. ಹೆಂಡತಿ ಅವನನ್ನು ಹುಡುಕಿಕೊಂಡು ಬಂದಳು. ಬಂದವಳೂ ಹಾಗೆಯೇ ನಿಂತಳು. ಬಹಳ ಹೊತ್ತಿನ ಮೇಲೆ ಅವನು ಮೆಲ್ಲನೆ ಇಳಿದು ನಡುವಿನ ಕೋಲನ್ನು ಕಿತ್ತು ತಂದ. ಬುಡದಿಂದ ಮೇಲಿನವರೆಗೆ ಅದಕ್ಕೆ ಹರಳು ಕವಿದಿತ್ತು. ತಾನು ಹಾಕಿದ ಗೀಟು ಎಲ್ಲಿ ಎಂದು ಹುಡುಕಿದರೂ ಸಿಗಲಿಲ್ಲ.

ಮೊದಲ ಹನಿ ಬೀಳುವ ಹೊತ್ತಿಗೆ ಅವನ ದಂಡೆಯ ಮೇಲೂ ಒಂದು ರಾಶಿ ಇತ್ತು. ಎಲ್ಲರ ರಾಶಿಗಿಂತ ಚಿಕ್ಕದು. ಅದಕ್ಕೆ ತೆಂಗಿನ ಗರಿ ಹೊದಿಸಿದ. ಹೆಂಡತಿ ಪಾತ್ರೆಗಳ ಗಂಟು ಬಿಚ್ಚಿದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ವಾರಿಜಾ ಆ ಬಿಳಿಯ ಗದ್ದೆಯನ್ನು ಎದುರಿಗೇ ಕಂಡವಳಂತೆ ಕೂತಿದ್ದಳು. ಆಮೇಲೆ, ತೂಬು ಮುಚ್ಚುತ್ತೇನೆ, ದಂಡೆ ಬಿಟ್ಟು ಕದಲುವುದಿಲ್ಲ ಎಂದಳು. ಆದರೂ ಅವಳ ಹೆದರಿಕೆ ಪೂರ್ತಿ ಹೋಗಿರಲಿಲ್ಲ.

"ಮಳೆಗಾಲಕ್ಕೆ ಭಾವ ಬಂದು ಕೂರುತ್ತಾರೆ. ಉಪ್ಪು ಕಟ್ಟುತ್ತಿದೆಯೆಂದು ನನಗೆ ತಿಳಿಯುವುದು ಹೇಗೆ, ಗುರುಗಳೇ?"

ಗುರುಗಳು ಕೇಳಿದರು: "ನಿನ್ನೆ ಮಗು ಇರುವೆಗಳ ವಿಷಯ ಏನು ಹೇಳಲು ಓಡಿಬಂದಿತ್ತು?"