ಸಾಲು ಹಿಡಿದ ಹುಳು

ದಪ್ಪನೆಯ ವೈಜ್ಞಾನಿಕ ಕಾದಂಬರಿಯೊಂದನ್ನು ಪುಸ್ತಕದ ಹುಳು ರಟ್ಟಿನಿಂದ ರಟ್ಟಿಗೆ ನೇರವಾಗಿ ಕೊರೆದು ಹೊರಬಂತು. ಕಪಾಟಿನ ಬಳಿ ಗೆದ್ದಲೊಂದು ಕಾದಿತ್ತು.

“ಹೇಗಿದೆ ಅಣ್ಣಾ? ಇಟ್ಟುಕೊಳ್ಳುತ್ತೀಯೋ, ತಿನ್ನಲು ನನ್ನವರನ್ನು ಕರೆಯಲೋ?”

“ಕರೆ. ಬರೀ ಉದ್ದ, ತಲೆಬುಡವಿಲ್ಲ. ಪುಟಕ್ಕೊಂದು ಅಕ್ಷರ ಸಿಕ್ಕಿತು, ಅಷ್ಟೆ.”

ಗೆದ್ದಲು ನಕ್ಕಿತು. “ರಟ್ಟಿನಿಂದ ರಟ್ಟಿಗೆ ಕೊರೆದರೆ ಇನ್ನೇನು ಸಿಗುತ್ತದೆ? ನನ್ನವರು ಬರುವಷ್ಟರಲ್ಲಿ ಒಮ್ಮೆ ಸಾಲು ಹಿಡಿದು ನಡೆದು ನೋಡು.”

ಹುಳು ಒಲ್ಲದ ಮನಸ್ಸಿನಿಂದ ಮೊದಲ ಸಾಲಿಗೆ ಇಳಿಯಿತು. ಹೋಗುತ್ತ ಹೋಗುತ್ತ ಅದರ ನಡಿಗೆ ನಿಧಾನವಾಯಿತು. ಗೆದ್ದಲಿನ ದಂಡು ಬಂದು ರಟ್ಟಿಗೆ ಬಾಯಿ ಹಾಕಿದಾಗ ಅದು ತಲೆಯೆತ್ತದೆ ಹೇಳಿತು: “ತಡೆಯಿರಿ. ಇಲ್ಲಿ ಎರಡನೆಯ ಸೂರ್ಯ ಹುಟ್ಟುತ್ತಿದ್ದಾನೆ. ಕಡಲೆಲ್ಲ ಅವನ ಕಡೆಗೆ ಎದ್ದು ನಿಂತಿದೆ.”

ಕಣ್ಣಿಲ್ಲದ ಗೆದ್ದಲುಗಳು ಬಾಯಿ ಬಿಗಿಹಿಡಿದು ನಿಂತವು.

“ಗಟ್ಟಿಯಾಗಿ ಓದಣ್ಣಾ,” ಎಂದಿತು ಅವುಗಳಲ್ಲೊಂದು.